ಮುಗಿದದ್ದು, ಮಾಗಿದ್ದು

(ಶಾಲೆಯ ಶತಮಾನೋತ್ಸವದ ಅಂಗವಾಗಿ ಚಿಲಮತ್ತೂರಿನಲ್ಲಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದ ಸಾಹಿತ್ಯ ಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ಈ ಗೋಷ್ಠಿಯಲ್ಲಿ ಗಡಿನಾಡಿನ ಕನ್ನಡ ಕಾದಂಬರಿಯನ್ನು ಕುರಿತು ಮಾತನಾಡಬೇಕೆಂದು ಸಮಿತಿಯವರು ನನಗೆ ಸೂಚಿಸಿದ್ದಾರೆ. ವಿಷಯ ವಿಶಾಲವಾದದ್ದು. ಅದರೊಳಗಿನ ಒಂದೇ ಪ್ರಶ್ನೆಯನ್ನು ಮಾತ್ರ ನಾನು ಎತ್ತಿಕೊಳ್ಳುತ್ತೇನೆ. ಬರೆದು ಮುಗಿಸಿದ ಕಾದಂಬರಿಯು ಅಚ್ಚಿಗೆ ಸಿದ್ಧವಾಗಿದೆ ಎಂದು ತೀರ್ಮಾನಿಸುವುದು ಯಾವಾಗ? ಆ ತೀರ್ಮಾನಕ್ಕೆ ಬರುವ ಬಗೆ ಯಾವುದು?

ಈ ಪ್ರಶ್ನೆಗೆ ಕಾರಣವೊಂದಿದೆ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ನಿವೃತ್ತರಾದ ಬಳಿಕ ಕಾದಂಬರಿಯೊಂದನ್ನು ಬರೆದಿದ್ದಾರೆ. ಹನ್ನೊಂದು ನೋಟುಪುಸ್ತಕಗಳ ಕೈಬರಹ. ಚಿಲಮತ್ತೂರಿನ ಒಂದು ಮನೆ, ಆ ಮನೆಯಿಂದ ಗಡಿಯಾಚೆಯ ಬಾಗೇಪಲ್ಲಿ ಸೀಮೆಗೆ ಕೊಟ್ಟ ಮಗಳು, ಎರಡು ರಾಜ್ಯಗಳ ನಡುವೆ ಹಂಚಿಹೋದ ನಂಟು, ಇದು ಅದರ ವಸ್ತು. ಶತಮಾನೋತ್ಸವದ ಈ ವೇದಿಕೆಯಲ್ಲೇ ಅದು ಬಿಡುಗಡೆಯಾಗಲಿ ಎಂಬುದು ಸಮಿತಿಯ ಹಲವರ ಆಸೆಯಾಗಿತ್ತು. ನನ್ನ ಅಭಿಪ್ರಾಯ ಕೇಳಿದರು. ಪೂರ್ತಿ ಓದಿದ ಮೇಲೆ, ಈಗ ಬೇಡ, ಇನ್ನೊಂದು ವರ್ಷ ಕಾಯೋಣ ಎಂದೆ. ಅನೇಕರಿಗೆ ಬೇಸರವಾಯಿತು. ಅವರಿಗೆ ನಾನು ಕಾರಣ ಹೇಳಬೇಕಾಗಿದೆ. ಲೇಖಕರು ಈ ಸಭೆಯಲ್ಲೇ ಇದ್ದಾರೆ; ಅವರ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ.

ಮೊದಲು ಒಂದು ಆಕ್ಷೇಪಕ್ಕೆ ಉತ್ತರ. ನಮ್ಮ ಪೂರ್ವಕವಿಗಳು ಹೀಗೆ ತಿದ್ದುತ್ತ ಕುಳಿತಿದ್ದರೇ ಎಂದು ಸ್ನೇಹಿತರೊಬ್ಬರು ಕೇಳಿದರು. ಪಂಪನು ಆದಿಪುರಾಣವನ್ನು ಮೂರು ತಿಂಗಳಲ್ಲಿ, ಭಾರತವನ್ನು ಆರು ತಿಂಗಳಲ್ಲಿ ಮುಗಿಸಿದನೆಂದು ತಾನೇ ಹೇಳಿಕೊಂಡಿದ್ದಾನೆ. ಗದುಗಿನ ಕುಮಾರವ್ಯಾಸನು ತಾನು ಹಲಗೆ ಬಳಪಗಳನ್ನು ಮುಟ್ಟುವವನಲ್ಲ, ಒಮ್ಮೆ ಬರೆದ ಪದವನ್ನು ಅಳಿಸುವವನಲ್ಲ ಎಂದು ಹೆಮ್ಮೆಪಡುತ್ತಾನೆ. ಈ ಮಾತುಗಳು ಸುಳ್ಳಲ್ಲ. ಆದರೆ ಅದು ಹೆಮ್ಮೆಪಡತಕ್ಕ ಸಂಗತಿಯಾಗಿದ್ದುದರಿಂದಲೇ ಅವರು ಅದನ್ನು ಹೇಳಿಕೊಂಡರು ಎಂಬುದನ್ನು ಗಮನಿಸಬೇಕು. ಹಲಗೆಯ ಮೇಲೆ ಬರೆದು, ಅಳಿಸಿ, ಮತ್ತೆ ಬರೆಯುವುದೇ ಆ ಕಾಲದ ವಾಡಿಕೆಯಾಗಿತ್ತೆಂದು ಕುಮಾರವ್ಯಾಸನ ಮಾತಿನಿಂದಲೇ ತಿಳಿಯುತ್ತದೆ. ಕವಿರಾಜಮಾರ್ಗವು ಕಾವ್ಯದ ದೋಷಗಳನ್ನು ವಿಸ್ತಾರವಾಗಿ ವಿವೇಚಿಸಿದ್ದೂ ಬರೆದದ್ದನ್ನು ಪರಿಶೀಲಿಸಬೇಕೆಂಬ ಉದ್ದೇಶದಿಂದಲೇ. ಹಲಗೆ ಬಳಪವಿಲ್ಲದೆ ಬರೆಯಬಲ್ಲವನು ಶತಮಾನಕ್ಕೊಬ್ಬ. ಉಳಿದ ನಮಗೆ ಹಲಗೆ ಬೇಕು.

ಆಧುನಿಕ ಕಾಲದಲ್ಲಿ ಕುವೆಂಪು ಅವರು ಶ್ರೀ ರಾಮಾಯಣ ದರ್ಶನಂ ಮಹಾಕಾವ್ಯವನ್ನು 1936ರಲ್ಲಿ ಆರಂಭಿಸಿ 1946ರಲ್ಲಿ ಮುಗಿಸಿದರು. ಅದು ಓದುಗರ ಕೈಸೇರಲಾರಂಭಿಸಿದ್ದು 1949ರಲ್ಲಿ. ಬರಹ ಮುಗಿದ ದಿನವೂ ಗ್ರಂಥ ಹೊರಬರುವ ದಿನವೂ ಬೇರೆ ಬೇರೆ ಎಂಬ ಸರಳ ಸಂಗತಿಗೆ ನಮ್ಮ ಭಾಷೆಯಲ್ಲೇ ಇಂತಹ ನಿದರ್ಶನಗಳಿವೆ.

ಕಾದಂಬರಿಯ ಮಟ್ಟಿಗೆ ಈ ಅಂತರವನ್ನು ಕಣ್ಣಾರೆ ಕಾಣಬಹುದಾದ ನಿದರ್ಶನ ಅಮೆರಿಕದ್ದು. ಹಾರ್ಪರ್ ಲೀ ಎಂಬ ಲೇಖಕಿ 1957ರಲ್ಲಿ ತಮ್ಮ ಕಾದಂಬರಿಯ ಹಸ್ತಪ್ರತಿಯನ್ನು ಪ್ರಕಾಶಕರಿಗೆ ಒಪ್ಪಿಸಿದರು. ಬೆಳೆದ ಮಗಳೊಬ್ಬಳು ತನ್ನೂರಿಗೆ ಮರಳಿ ಬಂದು ತಂದೆಯನ್ನು ಹೊಸ ಕಣ್ಣಿನಿಂದ ನೋಡುವ ಕಥೆ ಅದು. ಟೇ ಹೋಹಾಫ್ ಎಂಬ ಸಂಪಾದಕಿ ಅದನ್ನು ಓದಿ, ಇದರಲ್ಲಿ ಬಾಲ್ಯದ ನೆನಪುಗಳ ಭಾಗವೇ ಜೀವಂತವಾಗಿದೆ ಎಂದು ಕಂಡುಕೊಂಡರು. ಲೀ ಎರಡು ವರ್ಷಕ್ಕೂ ಮಿಕ್ಕಿ ದುಡಿದು ಇಡೀ ಕಥೆಯನ್ನು ಪುಟ್ಟ ಬಾಲಕಿಯ ಕಣ್ಣಿನಿಂದ ಮತ್ತೆ ಬರೆದರು. 1960ರಲ್ಲಿ ಹೊರಬಂದ ಆ ಕಾದಂಬರಿಯೇ ‘ಟು ಕಿಲ್ ಎ ಮಾಕಿಂಗ್‌ಬರ್ಡ್’. ಮರುವರ್ಷ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ದೊರೆಯಿತು. 2015ರಲ್ಲಿ ಮೊದಲಿನ ಹಸ್ತಪ್ರತಿಯೂ ‘ಗೋ ಸೆಟ್ ಎ ವಾಚ್‌ಮನ್’ ಎಂಬ ಹೆಸರಿನಲ್ಲಿ ಪ್ರಕಟವಾದ್ದರಿಂದ, ಮುಗಿದ ಕಾದಂಬರಿಯನ್ನೂ ಸಿದ್ಧವಾದ ಕಾದಂಬರಿಯನ್ನೂ ಅಕ್ಕಪಕ್ಕ ಇಟ್ಟು ಓದುವ ಅವಕಾಶ ಲೋಕಕ್ಕೆ ಒದಗಿತು. ಮೊದಲನೆಯದಕ್ಕೂ ಆದಿಯಿದೆ, ಅಂತ್ಯವಿದೆ. ಎರಡನೆಯದು ಓದುಗರ ಮನೆಯ ಮಾತಾಯಿತು.

ಕನ್ನಡದಲ್ಲಿ ಇಂತಹ ಓದಿನ ಕೆಲಸ ಮಾಡಿದವರು ಇಲ್ಲದಿಲ್ಲ. ಜಿ. ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯ ‘ಅಟ್ಟ’ ಸಾಹಿತ್ಯವಲಯದಲ್ಲಿ ಹೆಸರಾದದ್ದು. ಕೀರ್ತಿನಾಥ ಕುರ್ತಕೋಟಿಯವರಂತಹ ವಿಮರ್ಶಕರು ಅಲ್ಲಿ ಸಲಹೆಗಾರರಾಗಿದ್ದರು. ಶಾಂತಿನಾಥ ದೇಸಾಯಿಯವರ ‘ಮುಕ್ತಿ’, ಅನಂತಮೂರ್ತಿಯವರ ‘ಸಂಸ್ಕಾರ’ ಓದುಗರಿಗೆ ತಲುಪಿದ್ದು ಆ ಗ್ರಂಥಮಾಲೆಯಿಂದ. ಪ್ರಕಾಶಕನೆಂದರೆ ಮೊದಲು ಓದುಗ, ಆಮೇಲೆ ಮುದ್ರಕ ಎಂಬ ತಿಳಿವಳಿಕೆ ಅಲ್ಲಿತ್ತು. ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿಗಳಿಗೂ ಒಂದು ಅನುಕೂಲವಿತ್ತು. ಪುಸ್ತಕವಾಗುವ ಮೊದಲೇ ಸಾವಿರಾರು ಮನೆಗಳಲ್ಲಿ ಅವು ಓದಿಸಿಕೊಂಡು, ಮೆಚ್ಚುಗೆಯನ್ನೂ ಆಕ್ಷೇಪವನ್ನೂ ಪಡೆಯುತ್ತಿದ್ದವು.

ಈಗಿನ ಸ್ಥಿತಿ ಬೇರೆ. ಗಣಕಯಂತ್ರದಲ್ಲಿ ಅಕ್ಷರ ಜೋಡಿಸಿ, ಕೈಯಿಂದ ಹಣ ಹಾಕಿ, ಐನೂರು ಪ್ರತಿ ಅಚ್ಚು ಹಾಕಿಸಲು ಒಂದು ತಿಂಗಳು ಸಾಕು. ಇದರಿಂದ ಒಳ್ಳೆಯದೂ ಆಗಿದೆ. ದೊಡ್ಡ ಪ್ರಕಾಶಕರ ಬಾಗಿಲು ತಟ್ಟಲಾರದವರ ಬರಹವೂ ಬೆಳಕು ಕಾಣುತ್ತಿದೆ. ಆದರೆ ಬರಹಗಾರನಿಗೂ ಅಚ್ಚಿನ ಯಂತ್ರಕ್ಕೂ ನಡುವೆ ನಿಂತು ‘ಸ್ವಲ್ಪ ತಾಳಿ’ ಎನ್ನುವವರು ಇಲ್ಲದಂತಾಗಿದೆ. ಹೀಗಾಗಿ ತೀರ್ಮಾನವನ್ನು ಕೃತಿಯ ಬದಲು ಪಂಚಾಂಗ ಮಾಡುತ್ತದೆ. ರಾಜ್ಯೋತ್ಸವಕ್ಕೆ ಬರಲಿ, ಸಮ್ಮೇಳನಕ್ಕೆ ಬರಲಿ, ಗ್ರಂಥಾಲಯದ ಖರೀದಿಗೆ ಅನುಕೂಲವಾಗುವಂತೆ ಡಿಸೆಂಬರ್ ಒಳಗೆ ಬರಲಿ, ಷಷ್ಟ್ಯಬ್ದಿಗೆ ಬರಲಿ ಎಂಬ ಅವಸರ. ನಮ್ಮ ಶತಮಾನೋತ್ಸವವೂ ಅಂತಹದೇ ಒಂದು ದಿನಾಂಕವಾಗುವುದರಲ್ಲಿತ್ತು.

ಹಾಗಾದರೆ ಸಿದ್ಧವಾಗಿದೆಯೆಂದು ತಿಳಿಯುವುದು ಹೇಗೆ? ನಮ್ಮ ಸೀಮೆಯ ರೈತರು ಇದಕ್ಕೊಂದು ದಾರಿ ತೋರಿಸುತ್ತಾರೆ. ಕಡಲೆಕಾಯಿ ಬಲಿತಿದೆಯೇ ಎಂದು ನೋಡಲು ಹೊಲದ ಹಸಿರನ್ನು ನೋಡಿದರೆ ಸಾಲದು. ಅಲ್ಲಲ್ಲಿ ನಾಲ್ಕು ಗಿಡ ಕಿತ್ತು, ಕಾಯಿ ಒಡೆದು, ಸಿಪ್ಪೆಯ ಒಳಮೈ ನೋಡುತ್ತಾರೆ. ಒಳಮೈ ಬೆಳ್ಳಗಿದ್ದರೆ ಬೀಜ ಎಳಸು. ಕಂದು ಬಣ್ಣಕ್ಕೆ ತಿರುಗಿದ್ದರೆ ಬಲಿತಿದೆ. ಬೇಗ ಕಿತ್ತರೆ ಬೀಜ ಒಣಗಿ ಸುಕ್ಕಾಗುತ್ತದೆ. ತಡಮಾಡಿದರೆ ಗಿಡ ಮಾತ್ರ ಕೈಗೆ ಬಂದು ಕಾಯಿ ಮಣ್ಣಲ್ಲೇ ಉಳಿಯುತ್ತದೆ. ಮಳೆ ಬಿದ್ದರೆ ಅಲ್ಲೇ ಮೊಳಕೆಯೊಡೆಯುತ್ತದೆ. ಎರಡೂ ನಷ್ಟವೇ. ಕಾದಂಬರಿಯನ್ನೂ ಅಲ್ಲಲ್ಲಿ ಕಿತ್ತು, ಒಡೆದು, ಒಳಮೈ ನೋಡಬೇಕು. ಹಾಗೆ ನೋಡುವ ಕೆಲವು ಕ್ರಮಗಳನ್ನು ನಮ್ಮ ಹಳೆಯ ವಿದ್ಯಾರ್ಥಿಯ ಕಾದಂಬರಿಯನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಮೊದಲನೆಯದು ದೂರ. ಬರೆದು ಮುಗಿಸಿದ ವಾರದಲ್ಲೇ ಓದಿದರೆ ಲೇಖಕನು ಪುಟದಲ್ಲಿರುವುದನ್ನು ಓದುವುದಿಲ್ಲ. ತನ್ನ ಮನಸ್ಸಿನಲ್ಲಿರುವುದನ್ನು ಓದುತ್ತಾನೆ. ಬಿತ್ತನೆಯಿಂದ ಕೊಯ್ಲಿನವರೆಗೆ, ಅಂದರೆ ನಾಲ್ಕು ತಿಂಗಳಾದರೂ ಹಸ್ತಪ್ರತಿಯನ್ನು ಪೆಟ್ಟಿಗೆಯಲ್ಲಿಟ್ಟು ಮರೆಯಬೇಕು. ದೂರವು ಕಾಲದ್ದೂ ಆಗಬಹುದು, ದೇಶದ್ದೂ ಆಗಬಹುದು. ಅನಂತಮೂರ್ತಿಯವರು ಮಲೆನಾಡಿನ ಅಗ್ರಹಾರದ ಕಥೆಯಾದ ‘ಸಂಸ್ಕಾರ’ವನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ. ಎಂ. ಕೆ. ಇಂದಿರಾ ಅವರು ಲೇಖನಿ ಹಿಡಿದದ್ದು ನಲವತ್ತೈದರ ಆಸುಪಾಸಿನಲ್ಲಿ. ಮೊದಲ ಕಾದಂಬರಿ ‘ತುಂಗಭದ್ರ’ 1963ರಲ್ಲಿ ಬಂತು. ಬಾಲವಿಧವೆಯೊಬ್ಬರ ಬಾಳನ್ನು ತಾಯಿಯಿಂದ ಕೇಳಿ ತಿಳಿದು ಬರೆದ ‘ಫಣಿಯಮ್ಮ’ ಪ್ರಕಟವಾದದ್ದು 1976ರಲ್ಲಿ, ಅವರ ಅರವತ್ತರ ಹೊಸ್ತಿಲಲ್ಲಿ. ತಡವಾಯಿತೆಂದು ಆ ಕೃತಿ ಏನನ್ನೂ ಕಳೆದುಕೊಳ್ಳಲಿಲ್ಲ. ನಿವೃತ್ತಿಯ ನಂತರ ಬರೆಯಹೊರಟವರು ಕಾಲ ಮೀರಿತೆಂದು ಗಾಬರಿಪಡಬೇಕಾಗಿಲ್ಲ.

ಎರಡನೆಯದು ಓದುಗರು. ಮನೆಯವರು, ಆಪ್ತರು ಓದಿ ‘ಚೆನ್ನಾಗಿದೆ’ ಎನ್ನುತ್ತಾರೆ. ಅದು ಪ್ರೀತಿಯ ಮಾತು, ಪರೀಕ್ಷೆಯಲ್ಲ. ಮೂವರಾದರೂ ಬೇರೆ ಓದುಗರು ಬೇಕು: ಕಾದಂಬರಿಗಳನ್ನು ಬಹಳ ಓದಿರುವವರೊಬ್ಬರು, ಕಥೆ ನಡೆಯುವ ಊರನ್ನು ಚೆನ್ನಾಗಿ ಬಲ್ಲವರೊಬ್ಬರು, ಆ ಊರನ್ನು ಎಂದೂ ಕಾಣದವರೊಬ್ಬರು. ಅವರನ್ನು ‘ಹೇಗಿದೆ’ ಎಂದು ಕೇಳಬಾರದು. ‘ಓದುತ್ತ ಓದುತ್ತ ಎಲ್ಲಿ ಪುಸ್ತಕ ಕೆಳಗಿಟ್ಟಿರಿ? ಯಾವ ಪುಟವನ್ನು ಹಾರಿಸಿದಿರಿ? ಯಾರು ಯಾರಿಗೆ ಏನಾಗಬೇಕೆಂದು ಎಲ್ಲಿ ಗೊಂದಲವಾಯಿತು?’ ಎಂದು ಕೇಳಬೇಕು. ಇಬ್ಬರು ಒಂದೇ ಜಾಗದಲ್ಲಿ ನಿಂತಿದ್ದರೆ ಅಲ್ಲಿ ಕಲ್ಲಿದೆಯೆಂದೇ ಅರ್ಥ. ಓದುಗರು ಉತ್ತರ ಹೇಳುವಾಗ ಲೇಖಕನು ವಿವರಣೆ ಕೊಡಲು ಬಾಯಿ ತೆರೆಯಬಾರದು. ಪುಸ್ತಕ ಅಂಗಡಿಗೆ ಹೋದ ಮೇಲೆ ವಿವರಿಸಲು ಅವನು ಅದರ ಜೊತೆಯಲ್ಲಿರುವುದಿಲ್ಲ. ಲೇಖಕನ ಆಸರೆಯಿಲ್ಲದೆ ಕಾದಂಬರಿ ತಾನೇ ನಿಲ್ಲಬಲ್ಲದೇ ಎಂಬುದೇ ಇಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ. ನಾನು ಹೇಳುವ ಉಳಿದೆಲ್ಲವೂ ಅದರ ಕವಲುಗಳು. ನಾವು ಮೂವರು ಓದಿದ ಈ ಹಸ್ತಪ್ರತಿಯಲ್ಲಿ ಮೂವರೂ ನಿಂತದ್ದು ಮೊದಲ ನಲವತ್ತು ಪುಟಗಳಲ್ಲಿ. ಅಲ್ಲಿ ಊರಿನ ವರ್ಣನೆಯಿದೆ, ಕಥೆಯಿಲ್ಲ. ಮಗಳ ಮದುವೆಯ ದಿಬ್ಬಣ ಹೊರಟ ಮೇಲೆ ಯಾರೂ ಎಲ್ಲೂ ನಿಲ್ಲಲಿಲ್ಲ.

ಮೂರನೆಯದು ಸಂಗತಿಗಳ ನಿಜ. ಕಾದಂಬರಿ ಕಲ್ಪನೆಯಾದರೂ ಅದು ನಿಂತ ನೆಲ ನಿಜವಾಗಿರಬೇಕು. ಈ ಕೃತಿಯಲ್ಲಿ, 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ನಮಗೂ ಬಾಗೇಪಲ್ಲಿಗೂ ನಡುವೆ ಗಡಿ ಹುಟ್ಟಿತೆಂಬ ಮಾತಿದೆ. ನಮ್ಮಲ್ಲಿ ಹಲವರು ಹಾಗೆಯೇ ನಂಬಿದ್ದೇವೆ. ಆದರೆ ಆ ಗಡಿ ಹಳೆಯದು. ನಾವು ಮದರಾಸು ಪ್ರಾಂತಕ್ಕೆ ಸೇರಿದ ಅನಂತಪುರ ಜಿಲ್ಲೆಯವರಾಗಿದ್ದೆವು. ಬಾಗೇಪಲ್ಲಿ ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಗೆ ಸೇರಿತ್ತು. 1953ರ ಅಕ್ಟೋಬರ್ 1ರಂದು ನಾವು ಆಂಧ್ರ ರಾಜ್ಯಕ್ಕೆ, 1956ರ ನವೆಂಬರ್ 1ರಂದು ಆಂಧ್ರಪ್ರದೇಶಕ್ಕೆ ಸೇರಿದೆವು. ಬದಲಾದದ್ದು ರಾಜ್ಯದ ಹೆಸರು ಮತ್ತು ಆಡಳಿತದ ಭಾಷೆ. ಗೆರೆ ಅಲ್ಲೇ ಇತ್ತು. ಇದನ್ನು ತಿದ್ದಿದರೆ ಕಥೆ ದುರ್ಬಲವಾಗುವುದಿಲ್ಲ, ಇನ್ನಷ್ಟು ಆಳವಾಗುತ್ತದೆ. ತಲೆಮಾರುಗಳಿಂದ ಗೆರೆಯಿದ್ದರೂ ಹೆಣ್ಣು ಕೊಟ್ಟು ತಂದ ಜನರಿಗೆ ಅದು ಇದ್ದಕ್ಕಿದ್ದಂತೆ ಗೋಡೆಯಾಗಿ ಕಂಡದ್ದೇಕೆ ಎಂಬ ಪ್ರಶ್ನೆ ಹುಟ್ಟುತ್ತದೆ. ಹಾಗೆಯೇ 1950ರ ಸಂತೆಯ ಪ್ರಸಂಗದಲ್ಲಿ ಪಾತ್ರಗಳು ನಯಾಪೈಸೆ ಎಣಿಸುತ್ತವೆ. ನಯಾಪೈಸೆ ಬಂದದ್ದು 1957ರ ಏಪ್ರಿಲ್ 1ರಂದು. ಆಣೆ ಪೈಗಳ ಲೆಕ್ಕ ಬಲ್ಲ ಒಬ್ಬ ಅಜ್ಜ ಈ ಪುಟ ಓದಿದರೆ ಮುಂದಿನ ಪುಟಗಳನ್ನು ನಂಬುವುದಿಲ್ಲ.

ನಾಲ್ಕನೆಯದು ಕಿವಿ. ನಮ್ಮ ಹಳ್ಳಿಗಳಲ್ಲಿ ಭಾರತ ರಾಮಾಯಣಗಳನ್ನು ಒಬ್ಬರು ಓದಿ ಹತ್ತು ಜನ ಕೇಳುತ್ತಿದ್ದರು. ಹಸ್ತಪ್ರತಿಯನ್ನೂ ಗಟ್ಟಿಯಾಗಿ ಓದಿಸಿ ಕೇಳಬೇಕು. ಹುಸಿಯಾದ ಸಂಭಾಷಣೆ ಕಣ್ಣಿಗೆ ತಪ್ಪಿಸಿಕೊಂಡರೂ ಕಿವಿಗೆ ಸಿಕ್ಕಿಬೀಳುತ್ತದೆ. ಈ ಕಾದಂಬರಿಯ ಅಜ್ಜಿ ಬಾಯಿ ತೆರೆದರೆ ನಮ್ಮ ಕೇರಿಯ ಅಜ್ಜಿಯೇ ಮಾತಾಡಿದಂತಿದೆ. ಆದರೆ ಸಂತೆಯ ವ್ಯಾಪಾರಿಗಳು ಪಠ್ಯಪುಸ್ತಕದ ಕನ್ನಡ ಆಡುತ್ತಾರೆ. ಸಂತೆಯಲ್ಲಿ ತೆಲುಗು, ಒಲೆಯ ಮುಂದೆ ಕನ್ನಡ, ಶಾಲೆಯಲ್ಲಿ ಇನ್ನೊಂದು ಕನ್ನಡ, ಇದು ನಮ್ಮ ನಿತ್ಯದ ಬದುಕು. ಶಿಷ್ಟ ಕನ್ನಡಕ್ಕೆ ಇಸ್ತ್ರಿ ಹಾಕಿದರೆ ಪ್ರಕಾಶಕರು ಮೆಚ್ಚುವರೆಂದು ಲೇಖಕರು ಭಾವಿಸಿದ್ದರು. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ 1984ರಲ್ಲಿ ತನ್ನ ಸೀಮೆಯ ಆಡುಮಾತನ್ನೇ ಹೊತ್ತು ಬಂತು, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನೂ ಪಡೆಯಿತು. ತಿದ್ದುವುದೆಂದರೆ ಊರಿನ ಮಾತನ್ನು ಒರೆಸುವುದಲ್ಲ ಎಂದು ಕನ್ನಡದ ಮೇಷ್ಟ್ರುಗಳಾದ ನಾವು ವಿಶೇಷವಾಗಿ ನೆನಪಿಡಬೇಕು. ಕೆಂಪು ಶಾಯಿ ನಮ್ಮ ಕೈಯಲ್ಲಿ ಸ್ವಲ್ಪ ಹೆಚ್ಚಾಗಿಯೇ ಓಡುತ್ತದೆ.

ಐದನೆಯದು ಅಕ್ಷರ. ಹಳೆಯ ತಂತ್ರಾಂಶದಲ್ಲಿ ಬೆರಳಚ್ಚಾದದ್ದನ್ನು ಯೂನಿಕೋಡಿಗೆ ಬದಲಿಸುವಾಗ ಒತ್ತಕ್ಷರಗಳು, ಅರ್ಕಾವತ್ತುಗಳು ಚೆಲ್ಲಾಪಿಲ್ಲಿಯಾಗುತ್ತವೆ. ಆದ್ದರಿಂದ ಬದಲಿಸಿದ ಪ್ರತಿಯನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಓದಲೇಬೇಕು. ಕರಡಚ್ಚನ್ನು ಲೇಖಕನೊಬ್ಬನೇ ತಿದ್ದಿದರೆ ಸಾಲದು. ಅವನ ಕಣ್ಣು ತಪ್ಪನ್ನು ಸರಿಯಾಗಿಯೇ ಓದಿಬಿಡುತ್ತದೆ.

ಇಷ್ಟು ಕೇಳಿದ ಮೇಲೆ, ಹೀಗೆ ತಿದ್ದುತ್ತಲೇ ಹೋದರೆ ಕೊನೆಯೆಲ್ಲಿ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅವಸರದ ಪುಸ್ತಕಗಳಷ್ಟೇ ಅಲ್ಲ, ಹೊರಬಾರದೆ ಪೆಟ್ಟಿಗೆಯಲ್ಲೇ ಗೆದ್ದಲಿಗೆ ಆಹಾರವಾದ ಹಸ್ತಪ್ರತಿಗಳೂ ನಮ್ಮ ಊರುಗಳಲ್ಲಿವೆ. ತಿದ್ದುವುದನ್ನು ನಿಲ್ಲಿಸಲು ಕೆಲವು ಗುರುತುಗಳುಂಟು. ನಿನ್ನೆ ತೆಗೆದ ವಾಕ್ಯವನ್ನು ಇಂದು ಮರಳಿ ಸೇರಿಸತೊಡಗಿದರೆ, ತಿದ್ದುಪಡಿಗಳೆಲ್ಲ ಅಲ್ಪವಿರಾಮಗಳ ಮಟ್ಟಕ್ಕೆ ಇಳಿದರೆ, ಹೊಳೆಯುವ ಹೊಸ ಸಂಗತಿಗಳು ಈ ಕಥೆಗೆ ಸೇರದೆ ಮುಂದಿನ ಕಥೆಯನ್ನು ಬಯಸಿದರೆ, ಆಗ ಕೆಲಸ ಮುಗಿಯಿತೆಂದು ತಿಳಿಯಬೇಕು. ಬದಲಾವಣೆಯು ಕೃತಿಯನ್ನು ಉತ್ತಮಗೊಳಿಸದೆ ಬರೀ ಬೇರೆಯಾಗಿಸುತ್ತಿದ್ದರೆ ಲೇಖನಿ ಕೆಳಗಿಡಬೇಕು. ದೋಷವೇ ಇಲ್ಲದ ಕಾದಂಬರಿಯನ್ನು ಯಾರೂ ಬರೆದಿಲ್ಲ.

ನಮ್ಮ ನೆರೆಯ ಲೇಪಾಕ್ಷಿಯಲ್ಲಿ ವಿಜಯನಗರದ ಅಚ್ಯುತದೇವರಾಯನ ಕಾಲದ ವೀರಭದ್ರಸ್ವಾಮಿ ದೇವಾಲಯವಿದೆ. ಅಲ್ಲಿನ ಕಲ್ಯಾಣಮಂಟಪ ಪೂರ್ಣಗೊಳ್ಳಲಿಲ್ಲ, ಮೇಲೆ ಚಾವಣಿಯಿಲ್ಲ. ಆದರೂ ನಾವು ಪ್ರತಿವರ್ಷ ಮಕ್ಕಳನ್ನು ಕರೆದೊಯ್ದು ಅದರ ಮುಂದೆ ನಿಲ್ಲಿಸುತ್ತೇವೆ. ಮಂಟಪ ಅಪೂರ್ಣವಾದರೂ ನಿಂತಿರುವ ಕಂಬ ಕಂಬವೂ ಶ್ರದ್ಧೆಯಿಂದ ಕಡೆದದ್ದು. ಕಾದಂಬರಿಯೂ ಎಲ್ಲ ಪ್ರಶ್ನೆಗಳಿಗೆ ಉತ್ತರ ಹೇಳಿ ಚಾವಣಿ ಮುಚ್ಚಬೇಕೆಂದಿಲ್ಲ. ನಿಲ್ಲಿಸಿದ ಕಂಬಗಳು ಗಟ್ಟಿಯಾಗಿರಲಿ.

ಕೊನೆಯದಾಗಿ, ಒಂದು ಪುಸ್ತಕಕ್ಕಾಗಿ ಇಷ್ಟು ಚಿಂತೆ ಏಕೆ? ಈ ಗಡಿಯಲ್ಲಿ ಕನ್ನಡ ಓದುವವರು ಕಡಿಮೆ. ಮಕ್ಕಳನ್ನು ಕನ್ನಡ ಮಾಧ್ಯಮಕ್ಕೆ ಸೇರಿಸಲು ಪೋಷಕರು ಹಿಂದೆಮುಂದೆ ನೋಡುವ ಕಾಲ ಇದು. ನಮ್ಮೂರನ್ನು ಕುರಿತ ಕನ್ನಡ ಕಾದಂಬರಿಯೊಂದನ್ನು ಒಬ್ಬ ತಾಯಿ ದುಡ್ಡು ಕೊಟ್ಟು ಕೊಂಡು, ಹತ್ತು ಪುಟ ಓದಿ ಕೆಳಗಿಟ್ಟರೆ, ಎರಡನೆಯ ಪುಸ್ತಕವನ್ನು ಆಕೆ ಕೊಳ್ಳುವುದಿಲ್ಲ. ಅದೇ ಕಾದಂಬರಿ ಆಕೆಯನ್ನು ರಾತ್ರಿ ಎಚ್ಚರವಾಗಿರಿಸಿದರೆ, ಮಗನಿಗೂ ‘ಓದಿ ನೋಡು’ ಎಂದು ಕೊಡುತ್ತಾಳೆ. ನಮ್ಮ ಪಾಲಿಗೆ ಇಂತಹ ಅವಕಾಶ ಮತ್ತೆ ಮತ್ತೆ ಬರುವುದಿಲ್ಲ. ಇನ್ನೊಂದು ಕಡೆ, ಈ ಹನ್ನೊಂದು ನೋಟುಪುಸ್ತಕಗಳಲ್ಲಿರುವ ಅಜ್ಜಿಯ ಮಾತು, ದಿಬ್ಬಣದ ಹಾದಿ, ಗಡಿಯಾಚೆಯ ಮಗಳ ಮೌನ ಬೇರೆಲ್ಲೂ ದಾಖಲಾಗಿಲ್ಲ. ಅವು ಹೊರಬರದೆ ಹೋಗಬಾರದು.

ಆದ್ದರಿಂದ ಲೇಖಕರೂ ನಾವೂ ಕೂಡಿ ಒಂದು ಏರ್ಪಾಡು ಮಾಡಿಕೊಂಡಿದ್ದೇವೆ. ಮೊದಲ ನಲವತ್ತು ಪುಟಗಳನ್ನು ಅವರು ಹತ್ತಕ್ಕೆ ಇಳಿಸುತ್ತಾರೆ. ಕಾಲದ ಲೆಕ್ಕ ಸರಿಪಡಿಸುತ್ತಾರೆ. ಸಂತೆಗೆ ಅದರ ಮಾತನ್ನು ಮರಳಿ ಕೊಡುತ್ತಾರೆ. ನಮ್ಮ ಶಾಲೆಯ ಕನ್ನಡ ಅಧ್ಯಾಪಕರು ತಿಂಗಳಿಗೊಮ್ಮೆ ಭಾನುವಾರ ಶಾಲೆಯ ಗ್ರಂಥಾಲಯದಲ್ಲಿ ಕುಳಿತು ತಿದ್ದಿದ ಭಾಗವನ್ನು ಗಟ್ಟಿಯಾಗಿ ಓದಿಸಿ ಕೇಳುತ್ತಾರೆ. ಈ ಓದಿಗೆ ಯಾರು ಬೇಕಾದರೂ ಬರಬಹುದು. ಹಸ್ತಪ್ರತಿ ಇರುವವರು ತಮ್ಮದನ್ನೂ ತರಬಹುದು. ಮುಂದಿನ ಯುಗಾದಿಯ ವೇಳೆಗೆ ತಿದ್ದುವ ಕೆಲಸ ನಿಲ್ಲಬೇಕೆಂದು ಲೇಖಕರೇ ಗಡುವು ಹಾಕಿಕೊಂಡಿದ್ದಾರೆ. ಅಂದು ‘ಇದು ಸಿದ್ಧವಾಗಿದೆ’ ಎಂಬ ಮಾತನ್ನು ಅವರೇ ಹೇಳಬೇಕು. ಆ ಅಧಿಕಾರ ಸಮಿತಿಯದೂ ಅಲ್ಲ, ಮುಖ್ಯೋಪಾಧ್ಯಾಯಿನಿಯದೂ ಅಲ್ಲ.

ನೂರು ವರ್ಷ ಅಕ್ಷರ ಕಲಿಸಿದ ಈ ಶಾಲೆಗೆ ಒಂದು ಒಳ್ಳೆಯ ಕಾದಂಬರಿಗಾಗಿ ಇನ್ನೊಂದು ವರ್ಷ ಕಾಯುವ ತಾಳ್ಮೆಯಿದೆ ಎಂದು ನಂಬಿದ್ದೇನೆ.